ವೇರಾ ಅಜ್ಜಿ ನೋಡದ ಆಟ

ಆಗೆಲ್ಲ ನಮ್ಮ ಮನೆಯಿಂದ ಯಾರೂ ಹಾಗೇ ಎದ್ದು ಹೊರಟುಬಿಡುವಂತಿರಲಿಲ್ಲ. ಶೂ ಹಾಕಿಕೊಂಡ ಮೇಲೆ, ಬಾಗಿಲು ತೆಗೆಯುವ ಮುಂಚೆ, ಮನೆಯಲ್ಲಿದ್ದವರೆಲ್ಲ ಒಂದು ಗಳಿಗೆ ಕೂರಬೇಕಿತ್ತು. ಮಾತಾಡುವ ಹಾಗಿಲ್ಲ. ಎದ್ದ ಮೇಲೆ ಹೊರಡುವವರು "ಹೋಗಿ ಬರ್ತೀನಿ" ಅನ್ನಬೇಕು. ಹೋಗಿ ಬರ್ತೀನಿ ಅನ್ನುವುದು ನಮ್ಮ ಮೈಸೂರಿನ ರೂಢಿ. ಕೂರುವುದು ರಷ್ಯಾದ್ದು. ಎರಡನ್ನೂ ಸೇರಿಸಿದವನು ನಮ್ಮಪ್ಪ.

ಅದು ಆಕ್ಲೆಂಡಿನ ಮೌಂಟ್ ರಾಸ್ಕಿಲ್‌ನ ಬಾಡಿಗೆ ಮನೆ. ನನಗಾಗ ಹತ್ತು ವರ್ಷ. ಬಾಗಿಲ ಪಕ್ಕ, ಶೂ ಬಿಡುವ ಜಾಗದಲ್ಲಿ ಒಂದು ಹಳೆಯ ಮರದ ಬೆಂಚು ಇತ್ತು. ಯಾರೋ ಬೇಡವೆಂದು ರಸ್ತೆ ಬದಿಗೆ ಇಟ್ಟಿದ್ದನ್ನು ಅಪ್ಪ ಹೊತ್ತುಕೊಂಡು ಬಂದಿದ್ದ. ಕೂತರೆ ಕಿರ್ ಅನ್ನುತ್ತಿತ್ತು. ಅಪ್ಪ ಸಿಟಿ ಬಸ್ ಓಡಿಸುತ್ತಿದ್ದ. ಮುಂಜಾನೆಯ ಪಾಳಿ ಇದ್ದ ದಿನ ನಾವೆಲ್ಲ ಮಲಗಿರುವಾಗಲೇ ಹೊರಡಬೇಕು. ಆಗ ಅವನೊಬ್ಬನೇ ಕೂತು ಎದ್ದು ಹೋಗುತ್ತಿದ್ದ. ನಿದ್ದೆಯಲ್ಲಿ ನನಗೆ ಆ ಕಿರ್ ಕೇಳುತ್ತಿತ್ತು. ಅಪ್ಪ ಕೂತ ಅಂದುಕೊಂಡು ಮಗ್ಗುಲಾಗುತ್ತಿದ್ದೆ.

ಆ ಗುರುವಾರ ಸಂಜೆ ಅಕ್ಕಿ ತರಲು ಸ್ಟಾಡರ್ಡ್ ರೋಡ್‌ಗೆ ಹೋಗಬೇಕಿತ್ತು. ಮಳೆ ಆಗಷ್ಟೇ ನಿಂತಿತ್ತು. ಒಲೆಯ ಮೇಲೆ ಸಾರು ಕುದ್ದು ಇಳಿದಿತ್ತು, ಮನೆ ತುಂಬ ಇಂಗಿನ ಒಗ್ಗರಣೆ ವಾಸನೆ. ಅಷ್ಟರಲ್ಲಿ ಪೂಣಚ್ಚ ಅಂಕಲ್ ಒಂದು ಚೀಲ ಮ್ಯಾಂಡರಿನ್ ಹಣ್ಣು ಹಿಡಿದು ಬಂದರು. ಅವರು ಮಡಿಕೇರಿ ಕಡೆಯವರು, ನಮ್ಮದೇ ಬೀದಿಯ ಕೊನೆಯ ಮನೆ. ನಲ್ಲಿ, ಪೈಪು ಮಾರುವ ಅಂಗಡಿಯಲ್ಲಿ ಕೆಲಸ. ಕಾಲೇಜಿನಲ್ಲಿ ಹಾಕಿ ಆಡಿದವರು. ಅಪ್ಪನಿಗೂ ಅವರಿಗೂ ಇದ್ದ ಜಗಳ ಅದೊಂದೇ.

"ಕೂತ್ಕೊಳ್ಳಿ ಪೂಣಚ್ಚ, ಹೊರಟಿದೀವಿ," ಅಂದ ಅಪ್ಪ.

"ಹೊರಟವರ ಮನೇಲಿ ನಾನು ಯಾಕೆ ಕೂರ್ಲಿ ಮಾರಾಯ?"

"ಹೊರಟಿದೀವಿ ಅಂತಾನೇ ಕೂರಬೇಕು."

ಬೆಂಚಿನ ಮೇಲೆ ನಾವು ಮೂವರು ಕೂತೆವು. ಅಂಕಲ್ ಗೊಣಗುತ್ತಾ ಮಗುಚಿ ಹಾಕಿದ್ದ ಬಕೆಟ್ ಮೇಲೆ ಕೂತರು. ಅವರು ದಪ್ಪ, ಬಕೆಟ್ ಸಣ್ಣದು. ನನಗೆ ನಗು ತಡೆಯಲಾಗಲಿಲ್ಲ.

"ರೀ, ಅಕ್ಕಿ ತರೋಕೂ ಕೂರಬೇಕಾ? ಅಂಗಡಿ ಮುಚ್ತಾರೆ," ಅಂದಳು ಅಮ್ಮ.

ಅಪ್ಪ ತುಟಿಯ ಮೇಲೆ ಬೆರಳಿಟ್ಟ. ಎದ್ದ ಮೇಲೆ ನಾನು ಅವನ ಜಾಕೆಟ್ ಎಳೆದು ಕೇಳಿದೆ. "ಅಪ್ಪಾ, ಮೂರನೇ ಭಾಗ ಈಗಲೇ ಹೇಳು. ಕಾರಲ್ಲಿ ಹೇಳು."

"ಬೀಳದೆ ಒಂದು ಸುತ್ತು ಬಂದ್ರೆ ತಾನೇ? ಶನಿವಾರ."

"ಏನದು ಮೂರನೇ ಭಾಗ?" ಅಂತ ಅಂಕಲ್ ಕೇಳಿದರು.

"ಐಸ್ ಹಾಕಿ," ಅಂದೆ.

"ಹಾಕಿ ಆಡೋದು ಹುಲ್ಲಿನ ಮೇಲೆ ಮಗಳೇ. ಐಸ್ ಮೇಲೆ ಆಡಿದ್ರೆ ಅದು ಜಾರೋದು, ಅಷ್ಟೇ," ಅಂದು ಅವರು ಹಣ್ಣಿನ ಚೀಲವನ್ನು ಬೆಂಚಿನ ಮೇಲಿಟ್ಟು ಹೊರಟರು. ನಾವು ಅಕ್ಕಿ ತಂದೆವು, ಬಿಸಿ ಮಾಡಿ ಸಾರು ಉಂಡೆವು, ಹಣ್ಣು ತಿಂದೆವು. ಸಿಪ್ಪೆಯನ್ನು ಹೀಟರ್ ಮೇಲೆ ಇಟ್ಟರೆ ಒಳ್ಳೆ ವಾಸನೆ ಬರುತ್ತದೆ ಅಂತ ಅಪ್ಪ ಇಟ್ಟ. ಗುರುವಾರ ಅಂದರೆ ಇಷ್ಟೇ.

ಮೂರನೇ ಭಾಗ ಅಂದರೆ ಏನೆಂದು ಹೇಳಬೇಕಾದರೆ ಆ ಚಳಿಗಾಲದ ಶನಿವಾರಗಳನ್ನು ಹೇಳಬೇಕು.

ಅಪ್ಪ ಎಂಜಿನಿಯರಿಂಗ್ ಓದಿದ್ದು ರಷ್ಯಾದಲ್ಲಿ, ದೊಡ್ಡ ನದಿಯ ದಂಡೆಯ ಒಂದು ಕಾರ್ಖಾನೆ ಊರಿನಲ್ಲಿ. ಅಲ್ಲಿನ ಡಿಗ್ರಿಗೆ ಇಲ್ಲಿ ಬೆಲೆ ಸಿಗಲಿಲ್ಲ, ಬಸ್ ಓಡಿಸಿದ. ಅದರ ಬಗ್ಗೆ ಅವನು ಹೆಚ್ಚು ಮಾತಾಡಿದ್ದನ್ನು ನಾನು ಕೇಳಿಲ್ಲ. ಅವನು ಮಾತಾಡುತ್ತಿದ್ದುದು ಆ ಊರಿನ ಐಸ್ ಹಾಕಿ ತಂಡದ ಬಗ್ಗೆ. ಬಾಯ್ಲರ್ ಕಾರ್ಖಾನೆಯವರು ಕಟ್ಟಿದ ತಂಡ. ಅದರ ನಿಜವಾದ ಹೆಸರು ನಮ್ಮ ಬಾಯಲ್ಲಿ ತಿರುಗುತ್ತಿರಲಿಲ್ಲವಾದ್ದರಿಂದ ಮನೆಯಲ್ಲಿ ಬಾಯ್ಲರ್ ಟೀಮು ಅಂತಲೇ ಕರೆಯುತ್ತಿದ್ದೆವು.

ಆ ವರ್ಷ ಸ್ಕೂಲಿನವರು ನಮ್ಮನ್ನು ಅವಂಡೇಲ್ ಕಡೆಯ ಐಸ್ ರಿಂಕ್‌ಗೆ ಕರೆದುಕೊಂಡು ಹೋಗಿದ್ದರು. ಮನೆಗೆ ಬಂದು, ಬಿದ್ದೆ, ಮಂಡಿ ನೋಯ್ತಿದೆ ಅಂದೆ. ಅಪ್ಪ ಮಂಡಿ ನೋಡಲೇ ಇಲ್ಲ. "ಐಸ್ ಹೆಂಗಿತ್ತು? ಗಟ್ಟಿ ಇತ್ತಾ? ಮೇಲೆ ನೀರಿತ್ತಾ?" ಅಂತ ಕೇಳಿದ. ಮಾರನೇ ವಾರದಿಂದ ಶನಿವಾರದ ಪಾಳಿಯನ್ನು ಯಾರ ಜೊತೆಗೋ ಬದಲಾಯಿಸಿಕೊಂಡು ನನ್ನನ್ನು ಅಲ್ಲಿಗೆ ಕರೆದೊಯ್ಯತೊಡಗಿದ.

ಒಳಗೆ ಕಾಲಿಟ್ಟರೆ ಒದ್ದೆ ರಬ್ಬರ್ ಹಾಸಿನ ವಾಸನೆ, ಅದರ ಜೊತೆಗೆ ಚಿಪ್ಸ್ ಕರಿಯುವ ಎಣ್ಣೆಯ ವಾಸನೆ. ಬಾಡಿಗೆ ಸ್ಕೇಟ್‌ಗಳ ಒಳಗೆ ಯಾರದೋ ಕಾಲಿನ ಬಿಸಿ ಇನ್ನೂ ಇರುತ್ತಿತ್ತು. ಅಪ್ಪನಿಗೆ ಸ್ಕೇಟಿಂಗ್ ಬರುತ್ತಿರಲಿಲ್ಲ. ಅಷ್ಟು ವರ್ಷ ಆ ಊರಲ್ಲಿದ್ದೂ ಕಲಿತಿರಲಿಲ್ಲ. "ಮೂರು ಸಲ ಬಿದ್ದೆ. ನಾಲ್ಕನೇ ಸಲ ನೋಡೋದ್ರಲ್ಲೇ ಸುಖ ಅಂತ ಗೊತ್ತಾಯ್ತು," ಅನ್ನುತ್ತಿದ್ದ. ಬಸ್ಸಿನವರ ನೀಲಿ ಜಾಕೆಟ್ ಹಾಕಿಕೊಂಡು ಕಟಕಟೆಯ ಆಚೆ ನಿಂತು, ಕಲಿಯುವವರು ಬೀಳದಿರಲೆಂದು ಕೊಡುವ ಪ್ಲಾಸ್ಟಿಕ್ಕಿನ ಸೀಲ್ ಪ್ರಾಣಿಯನ್ನು ನಾನು ಹಿಡಿದು ತೆವಳುತ್ತಿದ್ದರೆ, "ಶಾಯ್ಬು! ಶಾಯ್ಬು!" ಅಂತ ಕೂಗುತ್ತಿದ್ದ. ಗೋಲ್ ಹೊಡೀರಿ ಅಂತ ರಷ್ಯಾದಲ್ಲಿ ಜನ ಹಾಗೆ ಕೂಗುತ್ತಾರಂತೆ. ಎಲ್ಲರೂ ತಿರುಗಿ ನೋಡುತ್ತಿದ್ದರು. ನನಗೆ ಐಸ್ ಒಳಗೆ ಹೂತುಹೋಗೋಣ ಅನ್ನಿಸುತ್ತಿತ್ತು.

ನಾನು ಬೇಗ ಬಿಟ್ಟುಬಿಡುತ್ತೇನೆ ಎಂದು ಅವನಿಗೆ ಗೊತ್ತಾಗಿರಬೇಕು. ಒಂದು ಒಪ್ಪಂದ ಮಾಡಿದ. ಬೀಳದೆ ಒಂದು ಸುತ್ತು ಬಂದರೆ ಬಾಯ್ಲರ್ ಟೀಮಿನ ಒಂದು ವರ್ಷದ ಕಥೆ.

ಮೊದಲನೇ ಸುತ್ತಿಗೆ ಸಿಕ್ಕಿದ್ದು ಮೊದಲನೇ ವರ್ಷ. ಯುದ್ಧ ಮುಗಿದಿತ್ತಂತೆ. ಕಾರ್ಖಾನೆಯ ಕ್ಯಾಂಟೀನ್ ಹಿಂದೆ ಖಾಲಿ ಜಾಗ. ಸಂಜೆ ಕೆಲಸ ಮುಗಿದ ಮೇಲೆ ಅಲ್ಲಿಗೆ ಪೈಪಿನಲ್ಲಿ ನೀರು ಬಿಟ್ಟರೆ ಬೆಳಗಾಗುವಷ್ಟರಲ್ಲಿ ಕಲ್ಲಿನಂಥ ಐಸ್. ಬಾಯ್ಲರ್‌ನ ಕೊಳವೆಗಳನ್ನೇ ಬೆಸೆದು ಗೋಲ್ ಕಂಬ ಮಾಡಿದರಂತೆ. ಕಾಲಿಗೆ ಕಟ್ಟುವ ಮೆತ್ತೆಯನ್ನು ಕ್ಯಾಂಟೀನಿನ ಹೆಂಗಸರು ಹಳೇ ಹತ್ತಿ ಕೋಟು ಹರಿದು ಹೊಲಿದುಕೊಟ್ಟರಂತೆ. ಗೋಲ್‌ಕೀಪರ್ ಆಗಿದ್ದವನು ಅಡುಗೆ ಭಟ್ಟ.

"ಯಾಕೆ ಅವನು?"

"ದಪ್ಪ ಇದ್ದ. ಗೋಲ್ ತುಂಬ್ತಾನೆ ಅಂತ."

"ಪೂಣಚ್ಚ ಅಂಕಲ್ ಥರ?"

"ಅವರ ಮುಂದೆ ಹೇಳ್ಬೇಡ. ನಾಳೆಯಿಂದ ಹಣ್ಣು ತರಲ್ಲ."

ಕೆಲವು ವರ್ಷಗಳಲ್ಲಿ ಏನೂ ಆಗಿರುತ್ತಿರಲಿಲ್ಲ. ಮಂಡಿ ಗಟ್ಟಿ ಮಾಡಿಕೊಂಡು, ಹಲ್ಲು ಕಚ್ಚಿ ಒಂದು ಸುತ್ತು ಮುಗಿಸಿ ಬಂದರೆ ಅಪ್ಪ ಫ್ಲಾಸ್ಕಿನಿಂದ ಟೀ ಬಗ್ಗಿಸುತ್ತಾ, "ಆ ವರ್ಷ ಹನ್ನೊಂದನೇ ಸ್ಥಾನ. ಮುಗೀತು," ಅನ್ನುತ್ತಿದ್ದ.

"ಮೋಸ!"

"ನಾನೇನು ಮಾಡ್ಲಿ ಪುಟ್ಟಿ, ಅವರು ಹಂಗೆ ಆಡಿದ್ರು."

ಛಾವಣಿ ಬಂದ ವರ್ಷ ನನಗೆ ಬಹಳ ಇಷ್ಟ. ಅಲ್ಲಿಯವರೆಗೆ ಜನ ಬಯಲಲ್ಲಿ ಹಿಮ ಬೀಳುವಾಗಲೇ ನಿಂತು ಆಟ ನೋಡುತ್ತಿದ್ದರು. ದೊಡ್ಡ ಕಟ್ಟಡ ಕಟ್ಟಿ, ಒಳಗೆ ಸೀಟು ಹಾಕಿ, ಕೋಟು ಬಿಚ್ಚಿಕೊಟ್ಟು ಹೋಗಲು ಒಂದು ಕೌಂಟರ್ ಮಾಡಿದರು. ಅಲ್ಲಿ ಕೋಟು ತೆಗೆದುಕೊಂಡು ಬಿಲ್ಲೆ ಕೊಡುವ ಕೆಲಸಕ್ಕೆ ವೇರಾ ಅಜ್ಜಿ ಸೇರಿದಳು.

ವೇರಾ ಅಜ್ಜಿ ಕಥೆಯ ಒಳಗೆ ಬಂದ ಮೇಲೆ ಅದು ಬರೀ ಟೀಮಿನ ಕಥೆಯಾಗಿ ಉಳಿಯಲಿಲ್ಲ. ಅಪ್ಪ ಹಾಸ್ಟೆಲ್‌ನಲ್ಲಿದ್ದ ಮೊದಲ ಚಳಿಗಾಲ ತೆಳ್ಳನೆಯ ಒಂದು ಕೋಟು ಹಾಕಿಕೊಂಡು ಆಟ ನೋಡಲು ಹೋದನಂತೆ. ಅಜ್ಜಿ ಅದನ್ನು ಎರಡು ಬೆರಳಲ್ಲಿ ಎತ್ತಿ, "ಇದನ್ನ ಯಾರು ಕದೀತಾರೆ ಅಂತ ನಾನು ಕಾಯಬೇಕು?" ಅಂದಳಂತೆ. ಆಟ ಮುಗಿದ ಮೇಲೆ ಕೊಟ್ಟದ್ದು ಬೇರೆ ಕೋಟು. ಎಷ್ಟೋ ವರ್ಷದ ಹಿಂದೆ ಯಾರೋ ಬಿಟ್ಟುಹೋಗಿ ವಾಪಸ್ಸು ಬಾರದೆ ಇದ್ದ ದಪ್ಪ ಉಣ್ಣೆ ಕೋಟು. ಮರುವರ್ಷ ಹಾಸ್ಟೆಲ್‌ನಲ್ಲಿ ಬಿಸಿನೀರಿನ ಪೈಪು ಒಡೆದಾಗ, ತನ್ನ ಮನೆಯಲ್ಲೇ ಒಂದು ಮಂಚ ಕೊಟ್ಟಳು. ಕೋಸಿನ ಸಾರು ಮಾಡಿ ಹಾಕಿದಳು. ನಮ್ಮ ಮೈಸೂರಜ್ಜಿ ಕಳಿಸಿದ ಚಟ್ನಿಪುಡಿಯನ್ನು ಬೇಯಿಸಿದ ಆಲೂಗಡ್ಡೆಯ ಮೇಲೆ ಉದುರಿಸಿಕೊಂಡು ತಿನ್ನುವುದು ಕಲಿತಳು. ಯಾರಾದರೂ ಪ್ರಯಾಣ ಹೊರಟರೆ ಮೊದಲು ಕೂರಬೇಕೆಂದು ಅಪ್ಪನಿಗೆ ಕಲಿಸಿದವಳೂ ಅವಳೇ.

ಅವಳ ಮಗ ಕೋಲ್ಯ. ಬಾಯ್ಲರ್ ಟೀಮಿನ ಎರಡನೇ ಗೋಲ್‌ಕೀಪರ್. ಮೊದಲನೆಯವನಿಗೆ ಏನಾದರೂ ಆದರೆ ಮಾತ್ರ ಇವನು. ಅವನಿಗೆ ಏನೂ ಆಗುತ್ತಿರಲಿಲ್ಲ. ಹಾಗಾಗಿ ಕೋಲ್ಯ ಮಾಮ ವರ್ಷಗಟ್ಟಲೆ ಅಂಚಿನ ಬೆಂಚಿನ ಮೇಲೆ ಹೆಲ್ಮೆಟ್ ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದ. ಎಲ್ಲರನ್ನೂ ಆಂಟಿ ಅಂಕಲ್ ಅನ್ನುವ ಆಕ್ಲೆಂಡಿನಲ್ಲಿ ನನಗೆ ಮಾಮ ಅಂತ ಇದ್ದವನು ಅವನೊಬ್ಬನೇ. ಅವನ ಮುಖ ನಾನು ಕಂಡವಳಲ್ಲ.

ಅಲ್ಲಿನ ಆ ದೊಡ್ಡ ದೇಶ ಒಡೆದು ಹೋಳಾದ ವರ್ಷಕ್ಕೆ ಬಂದಾಗ ಅಪ್ಪ ಕಥೆಯನ್ನು ಮೆಲ್ಲಗೆ ಹೇಳಿದ. ಬಾಯ್ಲರ್ ಕೊಳ್ಳುವವರು ಇಲ್ಲವಾದರು. ಕಾರ್ಖಾನೆಯವರು ಅಡುಗೆ ಪಾತ್ರೆ ಮಾಡತೊಡಗಿದರು. ಆಟಗಾರರಿಗೆ ಸಂಬಳದ ಬದಲು ಪಾತ್ರೆ. ಕೋಲ್ಯ ಮಾಮ ಒಂದರೊಳಗೊಂದು ಹಾಕಿದ ಪಾತ್ರೆಗಳನ್ನು ಹೊತ್ತು ಮನೆಗೆ ಬಂದರೆ, ವೇರಾ ಅಜ್ಜಿ ನೋಡಿ, "ಪಾತ್ರೆ ಆಯ್ತು. ಒಳಗೆ ಹಾಕೋಕೆ ಏನಾದ್ರೂ ಕೊಟ್ರಾ?" ಅಂತ ಕೇಳಿದಳಂತೆ. ಒಳ್ಳೊಳ್ಳೆ ಆಟಗಾರರೆಲ್ಲ ಬೇರೆ ಊರಿಗೆ, ಬೇರೆ ದೇಶಕ್ಕೆ ಹೋದರು. ಉಳಿದವರು ಅದೇ ಹಳೇ ಅಂಗಿಗೆ ತೇಪೆ ಹಾಕಿಕೊಂಡು ಆಡಿದರು. ಕಟ್ಟಡದೊಳಗೆ ಹೀಟರ್ ಇಲ್ಲ, ಜನ ಮತ್ತೆ ಕೋಟು ಬಿಚ್ಚದೆಯೇ ಕೂತರು. ಆದರೂ ವೇರಾ ಅಜ್ಜಿ ಖಾಲಿ ಕೌಂಟರಿನ ಹಿಂದೆ ಪ್ರತಿ ಆಟಕ್ಕೂ ಬಂದು ನಿಂತಳು.

ಆ ಪಾತ್ರೆಗಳಲ್ಲೊಂದು ನಮ್ಮ ಮನೆಯಲ್ಲಿತ್ತು. ದಪ್ಪ ತಳದ ಅಲ್ಯೂಮಿನಿಯಂ ಪಾತ್ರೆ, ತಳದಲ್ಲಿ ಬಾಯ್ಲರ್‌ನ ಪುಟ್ಟ ಮುದ್ರೆ. ಅಮ್ಮ ಸಾರು ಮಾಡುತ್ತಿದ್ದುದು ಅದರಲ್ಲೇ. "ನಿಮ್ಮ ಟೀಮಿಂದ ನನಗೆ ಸಿಕ್ಕಿದ ಉಪಕಾರ ಇದೊಂದೇ," ಅನ್ನುತ್ತಿದ್ದಳು. ಹಾಕಿ ಮಾತು ಶುರುವಾದರೆ ಅವಳು ಎದ್ದು ಹೋಗುತ್ತಿದ್ದಳು. ಅಪ್ಪನ ಎದುರು ಕೂತು ಅದನ್ನು ಪೂರ್ತಿ ಕೇಳಿದವಳು ನಾನೊಬ್ಬಳೇ.

ಆಗಸ್ಟ್ ಹೊತ್ತಿಗೆ ನಾನು ಸೀಲ್ ಪ್ರಾಣಿಯನ್ನು ಬಿಟ್ಟು, ಗೋಡೆ ಹಿಡಿದು ಹೋಗುತ್ತಿದ್ದೆ. ಕಥೆ ಅಪ್ಪ ಆ ಊರಲ್ಲಿದ್ದ ಕೊನೆಯ ವರ್ಷಕ್ಕೆ ಬಂದಿತ್ತು. ತೇಪೆ ಅಂಗಿಯ ಆ ಟೀಮು, ಯಾರೂ ಲೆಕ್ಕಕ್ಕಿಟ್ಟುಕೊಳ್ಳದೆ ಇದ್ದ ಟೀಮು, ಗೆಲ್ಲುತ್ತಾ ಗೆಲ್ಲುತ್ತಾ ಫೈನಲ್‌ಗೆ ಬಂದುಬಿಟ್ಟಿತ್ತು. ಅದೂ ನಮ್ಮ ಊರಲ್ಲೇ ಆಟ. ಹೌದು, ನಾನು ಆಗ ನಮ್ಮ ಊರು ಅಂತಲೇ ಅನ್ನುತ್ತಿದ್ದೆ.

"ಈ ಆಟಕ್ಕೆ ಮೂರು ಭಾಗ. ಅದಕ್ಕೆ ಮೂರು ಸುತ್ತು," ಅಂದ ಅಪ್ಪ. "ಕೊನೇ ಸುತ್ತಿಗೆ ಗೋಡೆ ಮುಟ್ಟಂಗಿಲ್ಲ."

ಮೊದಲ ಸುತ್ತು ಮುಗಿಸಿ ಬಂದೆ. ಮೊದಲನೇ ಗೋಲ್‌ಕೀಪರ್‌ಗೆ ಬಿಲ್ಲೆ ಬಡಿದು ಕೈ ಮುರಿಯಿತು ಅಂದ. ಐಸ್ ಹಾಕಿಯಲ್ಲಿ ಚೆಂಡಿಲ್ಲ, ಕಪ್ಪು ರಬ್ಬರಿನ ಬಿಲ್ಲೆ, ಕಲ್ಲಿನ ಹಾಗೆ ಬರುತ್ತದೆ. ಅಂಚಿನಲ್ಲಿ ಕೂತಿದ್ದ ಕೋಲ್ಯ ಮಾಮ ಎದ್ದು ಹೆಲ್ಮೆಟ್ ಹಾಕಿಕೊಂಡ. ನನ್ನ ಕೈಲಿದ್ದ ಚಿಪ್ಸ್ ತಣ್ಣಗಾಯಿತು.

ಎರಡನೇ ಸುತ್ತಿಗೆ ಓಡಿದೆ ಅಂತಲೇ ಹೇಳಬೇಕು. ಎರಡನೇ ಭಾಗ ಮುಗಿದಾಗ ಎರಡೂ ಕಡೆ ಸಮ. ಬಿಡುವಿನಲ್ಲಿ ಅಪ್ಪ ಕೋಟು ಕೌಂಟರಿಗೆ ಓಡಿದನಂತೆ. ವೇರಾ ಅಜ್ಜಿ ಅಲ್ಲಿ ಒಬ್ಬಳೇ ನಿಂತಿದ್ದಳು. ಅಷ್ಟು ವರ್ಷ ಅಲ್ಲಿ ಕೆಲಸ ಮಾಡಿದರೂ ಅವಳು ಒಂದು ಆಟವನ್ನೂ ಒಳಗೆ ಹೋಗಿ ನೋಡಿದವಳಲ್ಲ. ಗೋಡೆಯಾಚೆಯಿಂದ ಬರುವ ಸದ್ದಿನಲ್ಲೇ ಅವಳಿಗೆ ಎಲ್ಲ ತಿಳಿಯುತ್ತಿತ್ತು. ನಮ್ಮವರು ಗೋಲ್ ಹೊಡೆದರೆ ಕೋಟು ನೇತುಹಾಕುವ ತಗಡಿನ ಕೊಂಡಿಗಳೆಲ್ಲ ಅಲುಗಾಡುತ್ತಿದ್ದವು. ಎದುರಿನವರು ಹೊಡೆದರೆ ಸೂಜಿ ಬಿದ್ದರೂ ಕೇಳುತ್ತಿತ್ತು.

"ಅಜ್ಜೀ, ಕೋಲ್ಯ ಆಡ್ತಿದಾನೆ, ಬಾ ಒಳಗೆ," ಅಂದನಂತೆ ಅಪ್ಪ.

"ನನ್ನ ಕಾಲು ಬರಲ್ಲ. ನೀನು ಹೋಗಿ ನೋಡು. ಮುಗಿದ ಮೇಲೆ ಬೇರೆ ಯಾರೂ ಬಂದು ಹೇಳೋದು ಬೇಡ. ನೀನೇ ಬಂದು ಹೇಳು," ಅಂದಳಂತೆ.

ಅಪ್ಪ ಅಲ್ಲಿಗೆ ನಿಲ್ಲಿಸಿ ಕಣ್ಣು ಮಿಟುಕಿಸಿದ. "ಮೂರನೇ ಸುತ್ತು."

ಗೋಡೆ ಬಿಟ್ಟು ಹೊರಟೆ. ಮುಕ್ಕಾಲು ಸುತ್ತು ಚೆನ್ನಾಗಿಯೇ ಹೋಯಿತು. "ಶಾಯ್ಬು! ಶಾಯ್ಬು!" ಅನ್ನುವ ಕೂಗು ಹತ್ತಿರವಾಗುತ್ತಿತ್ತು. ಅಷ್ಟರಲ್ಲಿ ಧೊಪ್ ಅಂತ ಕೂತೆ. ಎದ್ದು ಅತ್ತೆ, ಬೇಡಿಕೊಂಡೆ. ಅಪ್ಪ ನಕ್ಕು, ತನ್ನ ಉಣ್ಣೆ ಟೋಪಿಯನ್ನು ನನ್ನ ತಲೆಗೆ ಹಾಕಿ, "ವೇರಾ ಅಜ್ಜಿ ಕಾದಿಲ್ವಾ? ನೀನೂ ಒಂದು ವಾರ ಕಾಯಿ," ಅಂದ.

ಅದಾದ ಗುರುವಾರವೇ ಅಕ್ಕಿ ತರಲು ಹೋದದ್ದು.

ಶುಕ್ರವಾರ ಅಪ್ಪನಿಗೆ ಮುಂಜಾನೆಯ ಪಾಳಿ. ಬೆಂಚು ಕಿರ್ ಅಂದಿರಬೇಕು. ನನಗೆ ಕೇಳಿದ ನೆನಪಿಲ್ಲ.

ಊಟದ ಬೆಲ್ ಹೊಡೆಯುವ ಮುಂಚೆ ಸ್ಕೂಲ್ ಆಫೀಸಿನಿಂದ ಕರೆ ಬಂತು. ಹೋಗಿ ನೋಡಿದರೆ ಪೂಣಚ್ಚ ಅಂಕಲ್ ನಿಂತಿದ್ದರು. ಅಂಗಡಿಯ ಯೂನಿಫಾರಂನಲ್ಲೇ ಬಂದಿದ್ದರು, ಜೇಬಿನಲ್ಲಿ ಅಳತೆ ಟೇಪು ಹಾಗೇ ಇತ್ತು. ಅವರು ನನ್ನ ಬ್ಯಾಗು ತೆಗೆದುಕೊಂಡು, ಕೈ ಹಿಡಿದು, ಮೈದಾನದ ಪಕ್ಕದ ಬೆಂಚಿನ ಹತ್ತಿರ ಕರೆದುಕೊಂಡು ಹೋದರು.

"ಕೂತ್ಕೋ ಮಗಳೇ," ಅಂದರು. ಅವರೂ ಪಕ್ಕದಲ್ಲಿ ಕೂತರು.

ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ, ಕೂತಾಗ ಮಾತಾಡಬಾರದು. ಅಂಕಲ್ ಕೊನೆಗೂ ನಮ್ಮ ಪದ್ಧತಿ ಕಲಿತುಬಿಟ್ಟರಲ್ಲ ಅಂತ ಖುಷಿಯಾಯಿತು. ಅಪ್ಪನಿಗೆ ರಜ ಸಿಕ್ಕಿರಬೇಕು, ಎಲ್ಲಿಗೋ ಕರೆದುಕೊಂಡು ಹೋಗುತ್ತಿದ್ದಾರೆ ಅಂದುಕೊಂಡೆ. ನಮ್ಮ ಮನೆಯಲ್ಲಿ ಕೂರುವಷ್ಟು ಹೊತ್ತು ಕೂತು ಎದ್ದೆ.

"ಎಲ್ಲಿಗೆ ಹೋಗೋದು ಅಂಕಲ್?"

ಅವರು ನನ್ನ ಕೈ ಬಿಡಲಿಲ್ಲ. "ಇನ್ನೂ ಸ್ವಲ್ಪ ಹೊತ್ತು ಕೂತಿರು," ಅಂದರು. ಮತ್ತೆ ಕೂತೆ. ಮೈದಾನದಲ್ಲಿ ಸೀಗಲ್ ಹಕ್ಕಿಗಳು ಯಾರದೋ ಸ್ಯಾಂಡ್‌ವಿಚ್‌ಗೆ ಜಗಳವಾಡುತ್ತಿದ್ದವು.

"ಅಪ್ಪ ಬೆಳಗ್ಗೆ ಮೊದಲನೇ ಟ್ರಿಪ್ ಮುಗಿಸಿ ಬಂದ್ರಂತೆ," ಅಂದರು ಅಂಕಲ್. "ಡಿಪೋದಲ್ಲಿ ಟೀ ತಗೊಂಡು ಕೂತ್ರಂತೆ. ಮತ್ತೆ ಏಳಲಿಲ್ಲ ಮಗಳೇ."

ನನಗೆ ಅರ್ಥವಾಯಿತು. ಆದರೆ ಕೂತಿದ್ದೇವಲ್ಲ, ಮಾತಾಡಬಾರದಲ್ಲ ಅಂತ ಸುಮ್ಮನಿದ್ದೆ. ಊಟದ ಬೆಲ್ ಆಗಿ ಮಕ್ಕಳೆಲ್ಲ ಹೊರಗೆ ಓಡಿಬಂದರು.

ಆಮೇಲಿನ ದಿನಗಳಲ್ಲಿ ಮನೆ ತುಂಬ ಜನ. ಸ್ಟೀಲ್ ಡಬ್ಬಿಗಳಲ್ಲಿ ಅನ್ನ, ಮೊಸರನ್ನ. ಗೊತ್ತಿಲ್ಲದ ಆಂಟಿಯರು ನನ್ನ ತಲೆ ಬಾಚಿದರು. ಅಪ್ಪನ ಜೊತೆ ಬಸ್ ಓಡಿಸುತ್ತಿದ್ದವರು ಬಂದು, ಶೂ ಬಿಚ್ಚಿ, ಎಲ್ಲಿ ಕೂರುವುದೆಂದು ತಿಳಿಯದೆ ನಿಂತರು. ಜನರೆಲ್ಲ ಹೋದ ಮೇಲೆ, ಮೊದಲ ಸಲ ಕೆಲಸಕ್ಕೆ ಹೊರಟ ದಿನ, ಅಮ್ಮ ಬಾಗಿಲ ಬಳಿ ನಿಂತು ಬೆಂಚನ್ನು ನೋಡಿದಳು. ಕೂತಳು. ಅಪ್ಪ ಇದ್ದಾಗ ಅವಳು ಅಷ್ಟು ಹೊತ್ತು ಕೂತದ್ದೇ ಇಲ್ಲ. ನಾನು ಪಕ್ಕದಲ್ಲಿ ಕೂತೆ. ಮಧ್ಯೆ ಅಪ್ಪನ ಜಾಗ ಬಿಟ್ಟೇ ಇಬ್ಬರೂ ಕೂತಿದ್ದೇವೆ ಎಂದು ಎದ್ದ ಮೇಲೆ ಗೊತ್ತಾಯಿತು.

ಮರಗಳು ಚಿಗುರುವ ಹೊತ್ತಿಗೆ ಒಂದು ಶನಿವಾರ ಪೂಣಚ್ಚ ಅಂಕಲ್ ಹಿಂದೆ ಸಾಮಾನು ಹಾಕುವ ತಮ್ಮ ಯೂಟ್ ಗಾಡಿ ತಂದು ಮನೆ ಮುಂದೆ ನಿಲ್ಲಿಸಿದರು. "ನಡಿ, ನಿಮ್ಮ ಜಾರುಬಂಡೆಗೆ ಹೋಗಿ ಬರೋಣ," ಅಂದರು. ಒಂದು ಸುತ್ತಿಗೆ ಒಂದು ವರ್ಷದ ಕಥೆ ಅನ್ನುವ ಒಪ್ಪಂದವನ್ನೂ, ಅದು ಅಪ್ಪನ ಕೊನೆಯ ವರ್ಷದ ಫೈನಲ್ ನಡುವೆ ನಿಂತುಹೋದದ್ದನ್ನೂ ಅಮ್ಮ ಅವರಿಗೆ ಹೇಳಿದ್ದಳು.

ನಾನು ಗೋಡೆ ಮುಟ್ಟದೆ ಒಂದು ಸುತ್ತು ಬಂದೆ. ಬೀಳಲಿಲ್ಲ. ಅಷ್ಟು ಸಲೀಸಾಗಿ ಹೇಗೆ ಬಂದೆನೋ ಗೊತ್ತಿಲ್ಲ. ಯಾರೂ ಕೂಗುತ್ತಿರಲಿಲ್ಲ, ಅದಕ್ಕೇ ಇರಬಹುದು. ಅಂಕಲ್ ಕಟಕಟೆಯ ಆಚೆ ನಿಂತು ದೊಡ್ಡದಾಗಿ ಚಪ್ಪಾಳೆ ತಟ್ಟಿದರು. ಬಿಸಿ ಚಿಪ್ಸ್ ತಂದು, ಮಧ್ಯೆ ಇಟ್ಟು, ಗಂಟಲು ಸರಿಮಾಡಿಕೊಂಡರು.

"ಮೂರನೇ ಭಾಗ," ಅಂದರು.

ನಾನು ಅವರ ಕಡೆ ತಿರುಗಿ ಕೂತೆ.

"ಎರಡೂ ಕಡೆ ಸಮ. ಇನ್ನೇನು ಆಟ ಮುಗೀತು ಅನ್ನೋವಾಗ ಎದುರಿನವರಿಗೆ ಒಂದು ಪೆನಾಲ್ಟಿ ಕಾರ್ನರ್ ಸಿಕ್ತು."

"ಐಸ್ ಹಾಕೀಲಿ ಪೆನಾಲ್ಟಿ ಕಾರ್ನರ್ ಇಲ್ಲ ಅಂಕಲ್."

"ಆ ವರ್ಷ ಇತ್ತು."

"ಇಲ್ಲ."

"ಇತ್ತು ಮಗಳೇ. ಆಮೇಲೆ ತೆಗೆದ್ರು." ಅವರು ಚಿಪ್ಸ್ ಒಂದನ್ನು ಸ್ಟಿಕ್ಕಿನ ಹಾಗೆ ಹಿಡಿದರು. "ಎದುರಿನವನು ಎಳೆದು ಹೊಡೆದ. ಬುಲೆಟ್! ನಿಮ್ಮ ಗೋಲ್‌ಕೀಪರ್ ಕೋಲ್ಯ ಇದ್ದಾನಲ್ಲ, ಇಡೀ ಮೈ ಅಡ್ಡ ಹಾಕಿಬಿಟ್ಟ. ತಡೆದ. ವಾಪಸ್ ಬಂದ ಬಾಲ್ ತಗೊಂಡು ನಮ್ಮವರು ಓಡಿದ್ರು ನೋಡು, ಗೋಲ್! ಬಾಯ್ಲರ್ ಟೀಮು ಗೆದ್ದುಬಿಡ್ತು."

ಬಾಲ್ ಅಲ್ಲ, ಬಿಲ್ಲೆ ಅನ್ನಬೇಕಿತ್ತು. ಓಡುವುದೂ ಇಲ್ಲ. ನಾನು ತಿದ್ದಲಿಲ್ಲ. ಅವರ ಹಣೆಯ ಮೇಲೆ ಆ ಚಳಿಯಲ್ಲೂ ಬೆವರಿತ್ತು.

"ವೇರಾ ಅಜ್ಜಿ?" ಅಂತ ಕೇಳಿದೆ.

"ಯಾರು ವೇರಾ?" ಅಂದರು ಅಂಕಲ್.

"ಯಾರೂ ಇಲ್ಲ," ಅಂದು ಚಿಪ್ಸ್ ತಿಂದೆ.

ಈಗ ನಾವು ಆಕ್ಲೆಂಡಿನ ಇನ್ನೊಂದು ತುದಿಯ ತಕಾನಿನಿಯಲ್ಲಿದ್ದೇವೆ. ಹೊಸ ಮನೆ, ಹೀಟರ್ ಚೆನ್ನಾಗಿದೆ, ಕಿಟಕಿಯಲ್ಲಿ ನೀರು ಇಳಿಯುವುದಿಲ್ಲ. ಬೆಂಚನ್ನು ಜೊತೆಗೇ ತಂದೆವು. ಸಾಮಾನು ಸಾಗಿಸಲು ಬಂದವನು ಒಳ್ಳೆಯ ಮನುಷ್ಯ, ಅಲುಗಾಡುತ್ತಿದೆ ಅಂತ ಎರಡು ಮೊಳೆ ಹೊಡೆದುಕೊಟ್ಟ. ಅಂದಿನಿಂದ ಅದು ಸದ್ದು ಮಾಡುವುದಿಲ್ಲ. ಪಾತ್ರೆಯ ಒಂದು ಹಿಡಿ ಮುರಿದುಹೋಗಿತ್ತು, ಪೂಣಚ್ಚ ಅಂಕಲ್ ನಲ್ಲಿಗೆ ಹಾಕುವ ನಟ್ಟು ಬೋಲ್ಟು ಹಾಕಿ ಕೂರಿಸಿದ್ದಾರೆ. ತಳದ ಮುದ್ರೆ ತಿಕ್ಕಿ ತಿಕ್ಕಿ ಸವೆದಿದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತದೆ.

ದೊಡ್ಡವಳಾದ ಮೇಲೆ ಇಂಟರ್ನೆಟ್ಟಿನಲ್ಲಿ ಬಾಯ್ಲರ್ ಟೀಮನ್ನು ಹುಡುಕಿದೆ. ಅದರ ಚರಿತ್ರೆಯನ್ನು ವರ್ಷ ವರ್ಷವಾಗಿ ಯಾರೋ ಬರೆದಿಟ್ಟಿದ್ದಾರೆ. ರಷ್ಯನ್ ಭಾಷೆಯನ್ನು ಕಂಪ್ಯೂಟರಿನಿಂದಲೇ ತಿರುಗಿಸಿಕೊಂಡು ಓದಿದೆ. ಕ್ಯಾಂಟೀನ್ ಹಿಂದಿನ ಐಸ್ ಇದೆ. ಹನ್ನೊಂದನೇ ಸ್ಥಾನಗಳು ಇವೆ, ಅಪ್ಪ ಮೋಸ ಮಾಡಿರಲಿಲ್ಲ. ಛಾವಣಿ ಬಂದ ವರ್ಷ ಇದೆ. ಈಗ ಅವರಿಗೆ ಗಾಜಿನ ಹೊಸ ಕ್ರೀಡಾಂಗಣ, ಯಾವುದೋ ಶ್ರೀಮಂತ ಕಂಪನಿಯ ದುಡ್ಡು. ಬಾಯ್ಲರ್ ಕಾರ್ಖಾನೆ ಇದ್ದ ಜಾಗದಲ್ಲಿ ಮಾಲ್ ಇದೆಯಂತೆ. ಅಪ್ಪನ ಕೊನೆಯ ವರ್ಷದ ಫೈನಲ್ ಕೂಡ ಇತ್ತು. ಗೋಲ್‌ಕೀಪರ್ ಬದಲಾದದ್ದನ್ನೂ ಬರೆದಿದ್ದಾರೆ, ಎರಡನೇ ಭಾಗದ ಕೊನೆಗೆ ಸಮ ಇದ್ದದ್ದನ್ನೂ ಬರೆದಿದ್ದಾರೆ.

ಬಾಯ್ಲರ್ ಟೀಮು ಸೋತಿತ್ತು. ಒಂದು ಗೋಲಿನಿಂದ, ಕೊನೆಯ ಗಳಿಗೆಯಲ್ಲಿ.

ಕಳೆದ ಚಳಿಗಾಲ ಅಂಕಲ್ ಹಣ್ಣು ಹಿಡಿದು ಬಂದಾಗ ಕೇಳಿದೆ. "ಅಂಕಲ್, ಅವತ್ತು ನೀವು ಹೇಳಿದ ಫೈನಲ್. ಅವರು ಸೋತಿದ್ರು."

"ಗೊತ್ತು," ಅಂದರು ಅವರು, ಹಣ್ಣಿನ ಸಿಪ್ಪೆ ಸುಲಿಯುತ್ತಾ. "ರಿಂಕ್‌ಗೆ ಹೋಗೋ ಮುಂಚೆ ಅಂಗಡಿ ಕಂಪ್ಯೂಟರಲ್ಲಿ ನೋಡಿಕೊಂಡೇ ಬಂದಿದ್ದೆ."

"ಮತ್ತೆ?"

"ಆ ಶನಿವಾರ ನಾನು ನಿನ್ನ ಮುಂದೆ ಕೂತು ಸೋತ್ರು ಅಂತ ಹೇಳ್ಲಾ? ಸ್ಕೂಲ್ ಹತ್ರ ಒಂದು ಸಲ ಹೇಳಿದ್ದೇ ಸಾಕಾಗಿತ್ತು ನನಗೆ." ಅರ್ಧ ಹಣ್ಣು ನನಗೆ ಕೊಟ್ಟರು. "ಪೆನಾಲ್ಟಿ ಕಾರ್ನರ್ ಮಾತ್ರ ತಪ್ಪಾಯ್ತು. ಅಭ್ಯಾಸ ಬಲ."

ಹೊರಡುವಾಗ ಅವರು ತಾವಾಗಿಯೇ ಬೆಂಚಿನ ಮೇಲೆ ಕೂತರು. ಅಮ್ಮನೂ ನಾನೂ ಕೂತೆವು. ಆ ಸುಮ್ಮನಿರುವ ಹೊತ್ತಿನಲ್ಲಿ ನನ್ನ ಮನಸ್ಸು ಅಲ್ಲಿಗೆ ಹೋಯಿತು, ಈಚೆಗೆ ಪ್ರತಿ ಸಲವೂ ಹೋಗುತ್ತದೆ. ಆಟ ಮುಗಿದಿದೆ. ಕೊಂಡಿಗಳು ಅಲುಗಾಡಿಲ್ಲ. ಗೋಡೆಯಾಚೆ ಸದ್ದೇ ಇಲ್ಲ ಅಂದಾಗಲೇ ವೇರಾ ಅಜ್ಜಿಗೆ ತಿಳಿದಿರಬೇಕು. ಆದರೂ ಅವಳು ಕೌಂಟರಿನ ಹಿಂದೆ ಅಪ್ಪನನ್ನು ಕಾಯುತ್ತಾ ನಿಂತಿದ್ದಾಳೆ, ಬೇರೆ ಯಾರೂ ಬಂದು ಹೇಳುವುದು ಬೇಡ ಅಂದಿದ್ದಾಳೆ. ಅಪ್ಪ ಆಗ ಈಗಿನ ನನಗಿಂತ ಚಿಕ್ಕವನು. ಯಾರೋ ಬಿಟ್ಟುಹೋದ ಕೋಟು ಹಾಕಿಕೊಂಡು, ಜನರನ್ನು ದಾಟಿಕೊಂಡು ಅವಳ ಕಡೆಗೆ ಬರುತ್ತಿದ್ದಾನೆ. ಅವಳನ್ನು ಮೊದಲು ಕೂರಿಸಿದನೋ, ಸೋತರು ಅಂದನೋ, ಕೋಲ್ಯ ಚೆನ್ನಾಗಿ ಆಡಿದ ಅಂದನೋ.

ಅಮ್ಮನಿಗೆ ಗೊತ್ತಿಲ್ಲ, ಕೇಳಿದೆ. ವೇರಾ ಅಜ್ಜಿ ಇಷ್ಟು ಹೊತ್ತಿಗೆ ಇರಲಾರಳು. ಕೋಲ್ಯ ಎಲ್ಲಿದ್ದಾನೋ, ಆ ಹೆಸರಿನವರು ಆ ದೇಶದಲ್ಲಿ ಲೆಕ್ಕವಿಲ್ಲದಷ್ಟು ಜನ. ಟೀಮಿನ ಚರಿತ್ರೆಯಲ್ಲಿ ಆಟದ ಅಂಕಿಗಳೆಲ್ಲ ಇವೆ. ಅಪ್ಪ ಅವಳಿಗೆ ಏನು ಹೇಳಿದ ಅನ್ನುವುದು ಎಲ್ಲೂ ಇಲ್ಲ.